ಮನೆಯಲ್ಲಿ ಹವಳದ ತೊಟ್ಟಿ: ಖರ್ಚು ಎಲ್ಲಿ ತಗ್ಗೀತು?

ಪ್ರಶ್ನೆ: ನೂರು ಲೀಟರಿನ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನು, ಹವಳ ಸಾಕಬೇಕೆಂಬುದು ಮಗನ ಆಸೆ. ಚಿಲ್ಲರ್ (ನೀರು ತಂಪಾಗಿಸುವ ಯಂತ್ರ) ಇಲ್ಲದೆ ಆಗದೆಂದು ಅಂಗಡಿಯವರು ಹೇಳುತ್ತಾರೆ. ಕಡಿಮೆ ಖರ್ಚಿನ ದಾರಿಯಿದೆಯೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಚಿಲ್ಲರ್ ಕೊಳ್ಳುವ ಮೊದಲು ತೊಟ್ಟಿಯನ್ನು ಕೆಳ ಅಂತಸ್ತಿನ, ಬಿಸಿಲು ಬೀಳದ ಕೋಣೆಯಲ್ಲಿಟ್ಟು, ಮುಚ್ಚಳ ತೆಗೆದು ಜಾಳಿಗೆ ಹಾಕಿ, ನೀರಿನ ಮೇಲ್ಮೈಗೆ ಚಿಕ್ಕ ಫ್ಯಾನ್ ಬೀಸುವಂತೆ ಮಾಡಿ ನೋಡಿ. ನಿಮ್ಮೂರಿನ ಬೇಸಿಗೆಯ ಒಣಗಾಳಿಯಲ್ಲಿ ನೀರು ಬೇಗ ಆವಿಯಾಗುವುದರಿಂದ ಎರಡು–ಮೂರು ಡಿಗ್ರಿ ತಾಪ ಇಳಿಯುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ದಿನವೂ ಉಪ್ಪಿಲ್ಲದ ಶುದ್ಧ ನೀರನ್ನೇ ತುಂಬಬೇಕು. ಇಷ್ಟಾದರೂ ನೀರು ಸದಾ 28 ಡಿಗ್ರಿ ದಾಟುತ್ತಿದ್ದರೆ ಚಿಲ್ಲರ್ ಅನಿವಾರ್ಯ.

ನೀರಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಬೋರ್‌ವೆಲ್ ನೀರು ಪಾಚಿಗೆ ಆಹ್ವಾನ. ಅಡುಗೆಮನೆಯ ಆರ್‌ಒ ಯಂತ್ರಗಳಲ್ಲಿ ಹಲವು ರುಚಿಗಾಗಿ ಖನಿಜ ಉಳಿಸುತ್ತವೆ. ಅದರಿಂದ ಹೊರಬರುವ ನೀರು ಹಾಯುವಂತೆ ಡಿಐ ರಾಳದ (ಉಳಿದ ಲವಣಗಳನ್ನು ಹಿಡಿದಿಡುವ) ಕಾರ್ಟ್ರಿಜ್ ಜೋಡಿಸಿ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಾಂಶ) ಸೊನ್ನೆಯ ಹತ್ತಿರಕ್ಕೆ ತನ್ನಿ. ಅಡುಗೆ ಉಪ್ಪಿನಲ್ಲಿ ಹವಳಕ್ಕೆ ಬೇಕಾದಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರದ ಕಾರಣ ಸಮುದ್ರದ ಉಪ್ಪಿನ ಮಿಶ್ರಣವನ್ನೇ ಕೊಳ್ಳಿ. ಲೀಟರಿಗೆ ಸುಮಾರು 35 ಗ್ರಾಂ ಹಿಡಿಯುತ್ತದೆ. ಮೀನು ಒಂದೆರಡೇ ಇದ್ದು, ವಾರಕ್ಕೆ ಹತ್ತು ಲೀಟರ್ ನೀರು ಬದಲಿಸುವಿರಾದರೆ ಪ್ರೋಟೀನ್ ಸ್ಕಿಮ್ಮರ್ (ಗಾಳಿಗುಳ್ಳೆಗಳ ನೊರೆಯಿಂದ ಕೊಳೆ ತೆಗೆಯುವ ಸಾಧನ) ಸದ್ಯಕ್ಕೆ ಬೇಡ.

ಅಣಬೆ ಹವಳದಂತಹ ಮೃದು ಜಾತಿಗಳು ಮಂದ ಬೆಳಕಿನಲ್ಲೂ ಬೆಳೆಯುವುದರಿಂದ ದುಬಾರಿ ದೀಪದ ಹಣವೂ ಉಳಿಯುತ್ತದೆ. ಕಡಲತೀರದಿಂದ ಹವಳ ಆರಿಸಿ ತರುವ ಯೋಚನೆಯಿದ್ದರೆ ಬಿಟ್ಟುಬಿಡಿ: ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.