ಆಪ್ಟೋಮೆಟ್ರಿ (ದೃಷ್ಟಿ ಪರೀಕ್ಷೆ, ಕನ್ನಡಕ ಕೊಡುವ ವಿದ್ಯೆ) ಓದಿದವರು ಲೋ ವಿಷನ್ ಪುನರ್ವಸತಿ ಕ್ಷೇತ್ರಕ್ಕೆ ಹೋದರೆ ಕೆಲಸ ಹೇಗಿರುತ್ತದೆ?

ಕನ್ನಡಕದ ನಂಬರ್ ಬರೆದುಕೊಡುವುದಕ್ಕಿಂತ ಇದು ಬೇರೆಯೇ ಕೆಲಸ. ಚಿಕಿತ್ಸೆ ಮುಗಿದು, ಸರಿಯಾದ ಕನ್ನಡಕ ಹಾಕಿದ ಮೇಲೂ ದೃಷ್ಟಿ 6/18ಕ್ಕಿಂತ (ಅಂದರೆ ಸಾಮಾನ್ಯ ಕಣ್ಣಿಗೆ 18 ಮೀಟರ್ ದೂರದಿಂದ ಕಾಣುವುದು 6 ಮೀಟರ್ ಹತ್ತಿರ ಬಂದರಷ್ಟೇ ಕಾಣುವುದು) ಕಡಿಮೆಯೇ ಉಳಿದವರು ನಿಮ್ಮ ಹತ್ತಿರ ಬರುತ್ತಾರೆ. ಅವರಿಗೆ ಏನು ಮಾಡಲು ಆಗುತ್ತಿಲ್ಲ ಅನ್ನುವುದೇ ಮೊದಲ ಪ್ರಶ್ನೆ. ಔಷಧಿ ಚೀಟಿ ಓದಬೇಕೋ, ಮೊಮ್ಮಗಳ ಮುಖ ಗುರುತಿಸಬೇಕೋ? ಮ್ಯಾಕ್ಯುಲಾ, ಅಂದರೆ ನೇರ ನೋಟಕ್ಕೆ ಬೇಕಾದ ಕಣ್ಣಿನ ಪರದೆಯ ನಡುಭಾಗ, ಹಾಳಾದವರಿಗೆ ನೇರ ನೋಡದೆ ತುಸು ಪಕ್ಕಕ್ಕೆ ನೋಡುವ ಅಭ್ಯಾಸ ಮಾಡಿಸುತ್ತೀರಿ.

ಕನ್ನಡಕದಲ್ಲಿ +20 ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ) ಮಸೂರ ಕೊಟ್ಟರೆ ಪುಸ್ತಕವನ್ನು 5 ಸೆಂ.ಮೀ. ದೂರದಲ್ಲಿ ಹಿಡಿಯಬೇಕು. ಮೂಗಿಗೇ ತಾಗುತ್ತೆ ಅಂತ ಹಲವರು ಅದನ್ನು ಪೆಟ್ಟಿಗೆಗೆ ಸೇರಿಸಿಬಿಡುತ್ತಾರೆ! ಹಾಗಾಗಿ ಬಳಸಲು ಕಲಿಸುವುದಕ್ಕೇ ಹೆಚ್ಚು ಹೊತ್ತು ಬೇಕು. ಕೆಲವೊಮ್ಮೆ ಮೇಜಿನ ದೀಪವನ್ನು ಹತ್ತಿರ ಎಳೆದರೇ ಅರ್ಧ ಕೆಲಸ ಆಗಿರುತ್ತದೆ.

ಒಬ್ಬೊಬ್ಬರಿಗೂ ಗಂಟೆಗಟ್ಟಲೆ ಕೂರುವ ತಾಳ್ಮೆ ಇಲ್ಲದಿದ್ದರೆ ಕಾಂಟ್ಯಾಕ್ಟ್ ಲೆನ್ಸ್ ಕಡೆ ಹೋಗುವುದೇ ವಾಸಿ.