ಅನುಪಾತ 1.8 ಬಂದರೂ ಗೈಡ್ ಒಪ್ಪುತ್ತಿಲ್ಲವೇ?

ಪ್ರಶ್ನೆ: ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಪದವಿ, ಎರಡನೇ ವರ್ಷ. ಬೈಪಾಸ್ ರಸ್ತೆಯೊಂದರ ಲಾಭ-ವೆಚ್ಚ ವಿಶ್ಲೇಷಣೆ ನನ್ನ ಪ್ರಾಜೆಕ್ಟ್. ವೆಚ್ಚ 100 ಕೋಟಿ. ಲಾಭದಲ್ಲಿ ಪ್ರಯಾಣದ ಸಮಯದ ಉಳಿತಾಯ 90, ಇಂಧನ 10, ಸುತ್ತಲಿನ ಜಮೀನಿನ ಬೆಲೆ ಏರಿಕೆ 40, ಕಾಮಗಾರಿಯ ಕೂಲಿ 25, ಟೋಲ್ 15. ಒಟ್ಟು 180 ಕೋಟಿ. ಲಾಭವನ್ನು ವೆಚ್ಚದಿಂದ ಭಾಗಿಸಿದರೆ ಅನುಪಾತ 1.8. ಗೈಡ್ ವಾಪಸ್ ಕಳಿಸಿದ್ದಾರೆ. ಏನು ತಪ್ಪು?

ಉತ್ತರ: ಇಂಥ ಪ್ರಾಜೆಕ್ಟ್‌ಗಳಲ್ಲಿ ವಿಷಯವಾಗಿ ರಸ್ತೆ ಹೋಗಿ ನೀರಾವರಿ ಬರುತ್ತದೆ, ನೀರಾವರಿ ಹೋಗಿ ಆಸ್ಪತ್ರೆ ಬರುತ್ತದೆ, ತಪ್ಪು ಮಾತ್ರ ಬದಲಾಗುವುದಿಲ್ಲ. ನಿಮ್ಮ ಗೈಡ್ ವಾಪಸ್ ಕಳಿಸಿದ್ದೇ ಸರಿ.

ಮೊದಲು ಜಮೀನಿನ 40 ತೆಗೆಯಿರಿ. ಓಡಾಟದ ಸಮಯ ಉಳಿಯುತ್ತದೆಂದೇ ಅಲ್ಲಿ ಬೆಲೆ ಏರುವುದು. ಒಂದೇ ಲಾಭವನ್ನು ಎರಡು ಸಲ ಎಣಿಸಿದ್ದೀರಿ. ಕೂಲಿಯ 25 ಆಗಲೇ ವೆಚ್ಚದ 100ರೊಳಗಿದೆ. ಆ ಕೆಲಸಗಾರರಿಗೆ ಬೇರೆಲ್ಲೂ ಕೆಲಸ ಸಿಗುತ್ತಿರಲಿಲ್ಲವೆಂದು ತೋರಿಸಬಲ್ಲಿರಾದರೆ ಅವರ ಶ್ರಮಕ್ಕೆ ವೆಚ್ಚದ ಕಡೆಯಲ್ಲೇ ಕಡಿಮೆ ಬೆಲೆ ಹಿಡಿಯಿರಿ. ಟೋಲ್ ಅಂತೂ ಪ್ರಯಾಣಿಕರ ಜೇಬಿನಿಂದ ಖಜಾನೆಗೆ ಹೋಗುವ ದುಡ್ಡು. ಕೈ ಬದಲಾಯಿತೇ ಹೊರತು ಸಮಾಜಕ್ಕೆ ಹೊಸದೇನೂ ಸೇರಲಿಲ್ಲ. ಉಳಿದದ್ದು 100. ಅನುಪಾತ ಬರೀ 1.

ಇನ್ನು ಆ 90. ಇಂದಿನ ರಸ್ತೆಗೂ ನಾಳೆಯ ಬೈಪಾಸಿಗೂ ಹೋಲಿಸಿ ತೆಗೆದಿದ್ದರೆ ಅದೂ ನಿಲ್ಲುವುದಿಲ್ಲ. ಹೋಲಿಸಬೇಕಾದದ್ದು ಬೈಪಾಸ್ ಆದ ನಾಳೆಯನ್ನು, ಆಗದ ನಾಳೆಯ ಜೊತೆ. ಹಳೇ ರಸ್ತೆಯ ಅಗಲೀಕರಣಕ್ಕೆ ಈಗಾಗಲೇ ಮಂಜೂರಾತಿ ಇದ್ದು, ಅದರಿಂದಲೇ 30 ಉಳಿಯುವಂತಿದ್ದರೆ ಬೈಪಾಸಿನ ಪಾಲು 60 ಮಾತ್ರ. ಬದಲಿಗೆ ಹಳೇ ರಸ್ತೆಯ ದಟ್ಟಣೆ ವರ್ಷದಿಂದ ವರ್ಷಕ್ಕೆ ಹದಗೆಡುವಂತಿದ್ದರೆ ನಿಜವಾದ ಉಳಿತಾಯ 90ಕ್ಕಿಂತ ಹೆಚ್ಚೇ ಆದೀತು. ಎರಡರಲ್ಲಿ ಯಾವುದು ಎಂಬುದನ್ನು ಬರೆಯದೆ ಲೆಕ್ಕಕ್ಕೆ ಕೈ ಹಾಕಬೇಡಿ.

ಡಿಸ್ಕೌಂಟ್ ದರ, ಅಂದರೆ ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ವಾರ್ಷಿಕ ದರ, ಎಷ್ಟು ಹಿಡಿದಿದ್ದೀರೆಂದು ನೀವು ತಿಳಿಸಿಲ್ಲ. ಹತ್ತು ವರ್ಷದ ನಂತರದ 100 ಕೋಟಿಯ ಇಂದಿನ ಮೌಲ್ಯ 3% ದರದಲ್ಲಿ ಸುಮಾರು 74, 7%ರಲ್ಲಿ 51, 12%ರಲ್ಲಿ 32. ವೆಚ್ಚ ಮೊದಲೇ ಆಗಿ ಲಾಭ ನಿಧಾನಕ್ಕೆ ಬರುವ ಯೋಜನೆಯ ಹಣೆಬರಹ ಈ ಒಂದು ದರದಲ್ಲಿದೆ. ಮುಂದಿನ ವರ್ಷಗಳ ಮೊತ್ತದಲ್ಲಿ ಹಣದುಬ್ಬರ ಸೇರಿದ್ದರೆ ದರದಲ್ಲೂ ಸೇರಿರಲಿ, ಒಂದರಲ್ಲಿ ಬಿಟ್ಟರೆ ಇನ್ನೊಂದರಲ್ಲೂ ಬಿಡಿ.

ಅನುಪಾತದ ಮೋಹವನ್ನೂ ಬಿಡಿ. ಲಾಭ 150, ನಿರ್ಮಾಣ 100, ನಿರ್ವಹಣೆ 20 ಎಂದುಕೊಳ್ಳಿ. ನಿರ್ವಹಣೆಯನ್ನು ವೆಚ್ಚಕ್ಕೆ ಕೂಡಿದರೆ ಅನುಪಾತ 1.25, ಲಾಭದಿಂದ ಕಳೆದರೆ 1.30. ನಿವ್ವಳ ಲಾಭ ಎರಡರಲ್ಲೂ 30. ಹೀಗೆ ಜಾಗ ಬದಲಿಸಿ ಅಂಕಿ ಚೆಂದ ಮಾಡಿಕೊಡುವ 'ರೆಡಿಮೇಡ್ ಪ್ರಾಜೆಕ್ಟ್' ವ್ಯಾಪಾರಿಗಳಿದ್ದಾರೆ. ಅವರ ಸ್ಪ್ರೆಡ್‌ಶೀಟ್ ತಂದು ಮೌಖಿಕ ಪರೀಕ್ಷೆಗೆ ಕೂತವರು ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಎಲ್ಲ ಅಂಕಿಗಳನ್ನೂ 10% ಏರಿಸಿ ಇಳಿಸಿ 'ಸೂಕ್ಷ್ಮತಾ ವಿಶ್ಲೇಷಣೆ ಮಾಡಿದ್ದೇನೆ' ಎನ್ನುವುದು ಕಾಟಾಚಾರ. ಒಂದು ಗಂಟೆ ಉಳಿತಾಯಕ್ಕೆ ಎಷ್ಟು ಬೆಲೆ ಕಟ್ಟಿದರೆ ನಿವ್ವಳ ಲಾಭ ಸೊನ್ನೆಗೆ ಬರುತ್ತದೆ ಎಂದು ಹುಡುಕಿ. ಅದಕ್ಕಿಂತ ಹೆಚ್ಚು ಬೆಲೆ ನಂಬಲು ನಿಮ್ಮ ಬಳಿ ಆಧಾರವಿದೆಯೇ ಎಂಬುದನ್ನು ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲೇ ಬರೆಯಿರಿ. ಜಮೀನು ಕಳೆದುಕೊಳ್ಳುವವರು ಯಾರು, ಸಮಯ ಉಳಿಸಿಕೊಳ್ಳುವವರು ಯಾರು ಎಂಬುದಕ್ಕೆ ಬೇರೆ ಕೋಷ್ಟಕ ಬೇಕು; ಒಟ್ಟು ಮೊತ್ತದಲ್ಲಿ ಅದು ಕಾಣುವುದಿಲ್ಲ.

ಪ್ರಶ್ನೆ: ಗಣಿತವೆಂದರೆ ಭಯ. ಸಾರ್ವಜನಿಕ ನೀತಿಯ ಕೋರ್ಸ್ ಆದೀತೇ?

ಉತ್ತರ: ಸಂಖ್ಯಾಶಾಸ್ತ್ರ, ಸೂಕ್ಷ್ಮ ಅರ್ಥಶಾಸ್ತ್ರ ಕಲಿಯುವ ಮನಸ್ಸಿಲ್ಲದಿದ್ದರೆ ಸೇರಬೇಡಿ.

ಪ್ರಶ್ನೆ: ಅಂಕಿ-ಅಂಶ ವಿಶ್ಲೇಷಣೆಗೆ ಆರ್, ಸ್ಟೇಟಾ, ಪೈಥಾನ್, ಯಾವ ಸಾಫ್ಟ್‌ವೇರ್ ಕಲಿಯಲಿ?

ಉತ್ತರ: ನಿಮ್ಮ ವಿಭಾಗದಲ್ಲಿ ಕಲಿಸುವುದನ್ನು. ಈ ಪ್ರಶ್ನೆ ಇನ್ನು ಕಳಿಸಬೇಡಿ.

ಪ್ರಶ್ನೆ: ಯೋಜನೆ ಬಂದ ಮೇಲೆ ಶಾಲೆ ಬಿಡುವ ಮಕ್ಕಳು 20%ರಿಂದ 12%ಕ್ಕೆ ಇಳಿದರು. ಯಶಸ್ಸೆಂದು ಬರೆಯಬಹುದಲ್ಲ?

ಉತ್ತರ: ಯೋಜನೆ ಇಲ್ಲದ ಕಡೆಯೂ 18%ರಿಂದ 14%ಕ್ಕೆ ಇಳಿದಿದ್ದರೆ ಯೋಜನೆಯ ಪಾಲು 8 ಶೇಕಡಾ ಅಂಶವಲ್ಲ, 4. ಅದೂ ಯೋಜನೆಗೆ ಮುಂಚೆ ಎರಡೂ ಕಡೆ ಇಳಿಕೆಯ ವೇಗ ಒಂದೇ ಆಗಿತ್ತೆಂದು ಹಿಂದಿನ ಕೆಲವು ವರ್ಷಗಳ ಅಂಕಿ ತೋರಿಸಿದರೆ ಮಾತ್ರ.