ಪೆರು ಪ್ರವಾಸಕ್ಕೆ ಹೊರಟವರು ಮುಖ್ಯವಾಗಿ ಯಾವುದರ ಬಗ್ಗೆ ಎಚ್ಚರ ವಹಿಸಬೇಕು?

ಎಲ್ಲಕ್ಕಿಂತ ಮೊದಲು ಎತ್ತರದ ಬಗ್ಗೆ. ಕಡಲ ದಂಡೆಯ ಲಿಮಾದಿಂದ ಹೊರಟ ವಿಮಾನ ಒಂದೂವರೆ ಗಂಟೆಯೊಳಗೆ ನಿಮ್ಮನ್ನು ಸುಮಾರು 3,400 ಮೀಟರ್ ಎತ್ತರದ ಕುಸ್ಕೋದಲ್ಲಿ ಇಳಿಸುತ್ತದೆ; ನಮ್ಮ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ ಎಂಬುದನ್ನು ನೆನೆದರೆ, ಅಲ್ಲಿ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂದು ತಲೆ ಸಿಡಿಯುವುದೇಕೆಂದು ತಿಳಿಯುತ್ತದೆ. ಆದ್ದರಿಂದ ಇಳಿದ ದಿನವೇ ಸುಮಾರು 2,800 ಮೀಟರ್ ಎತ್ತರದ ಒಯಾಂತಾಯ್ತಂಬೋ ಊರಿಗೆ ಹೋಗಿ ಎರಡು ರಾತ್ರಿ ತಂಗಿ, ಇನ್ನೂ ತಗ್ಗಿನಲ್ಲಿರುವ, ಇಂಕಾ ಜನರು ಕಟ್ಟಿದ ಪ್ರಾಚೀನ ನಗರದ ಅವಶೇಷವಾದ ಮಾಚು ಪಿಚುವನ್ನು ನೋಡಿಕೊಂಡು, ಕೊನೆಗೆ ಕುಸ್ಕೋಗೆ ಮರಳುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೃದಯ ಅಥವಾ ಉಸಿರಾಟದ ತೊಂದರೆಯುಳ್ಳವರು ಹೊರಡುವ ಮುನ್ನ ವೈದ್ಯರನ್ನು ಕಾಣಲೇಬೇಕು. ಎತ್ತರದ ಬಾಧೆಗೆಂದು ಅಲ್ಲಿನ ಹೋಟೆಲುಗಳಲ್ಲಿ ಕೊಡುವ ಕೋಕಾ ಎಲೆಯನ್ನು ಮಾತ್ರ ಭಾರತಕ್ಕೆ ತರಬೇಡಿ. ಇಲ್ಲಿ ಅದು ಮಾದಕವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ.

ಮಾಚು ಪಿಚುವಿಗೆ ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯಿರುವುದರಿಂದ, ಜೂನ್‌ನಿಂದ ಆಗಸ್ಟ್‌ವರೆಗಿನ ಒಣಹವೆಯ ತಿಂಗಳುಗಳಿಗೆ ಬಹಳ ಮುಂಚೆಯೇ ಟಿಕೆಟ್ ಕಾಯ್ದಿರಿಸಿ, ಪ್ರವೇಶದ್ವಾರದಲ್ಲಿ ತೋರಿಸಲು ಮೂಲ ಪಾಸ್‌ಪೋರ್ಟನ್ನೇ ಒಯ್ಯಿರಿ. ನಲ್ಲಿ ನೀರು ಕುಡಿಯಬೇಡಿ.

ಸಸ್ಯಾಹಾರಿಗಳು ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಎಂದಷ್ಟೇ ಹೇಳಿದರೆ ಸಾಲದು. ಅಲ್ಲಿ ಅನೇಕರು ಕೋಳಿಯನ್ನು ಆ ಮಾತಿನೊಳಗೆ ಸೇರಿಸುವುದಿಲ್ಲವಾದ್ದರಿಂದ, ‘ಸಿನ್ ಪೋಯೋ, ಸಿನ್ ಪೆಸ್ಕಾದೋ’, ಅಂದರೆ ಕೋಳಿಯೂ ಮೀನೂ ಬೇಡ, ಎಂದು ಬಿಡಿಸಿ ಹೇಳಿ, ಕೀನ್ವಾ ಎಂಬ ಅಲ್ಲಿನ ಧಾನ್ಯದ ಸೂಪನ್ನು ಕೋಳಿಯ ಸಾರಿನಲ್ಲಿ ಬೇಯಿಸಿದ್ದಾರೆಯೇ ಎಂದೂ ವಿಚಾರಿಸಿ.